ಕಾಲ್ಮಡಿ ಎಂದರೆ ಕಾಲು ಮಡಚುವುದಲ್ಲ

ಕೆಲಸಕ್ಕೆ ಸೇರಿದ ಮೊದಲ ದಿನವೇ, ಮೂತ್ರ ಕಟ್ಟಿಕೊಂಡು ಒದ್ದಾಡುತ್ತಿದ್ದ ಮುದುಕನೊಬ್ಬನನ್ನು ನಾನು ಮೊಣಕಾಲಿನ ಎಕ್ಸ್‌ರೇಗೆ ಕಳಿಸಿದೆ.

ಊರು ರೋಣ. ಮುದುಕ ಹತ್ತಿರದ ಜಕ್ಕಲಿಯವನು. ಮಗನ ಹೆಗಲಿಗೆ ಜೋತುಬಿದ್ದು, ಅರ್ಧ ಬಗ್ಗಿಕೊಂಡು ಒಳಗೆ ಬಂದ. ಹಣೆಯ ಮೇಲೆ ಬೆವರು.

"ಏನಾಗಿದೆ ಅಜ್ಜ?" ಎಂದೆ.

"ನಿನ್ನಿ ಮುಂಜಾನಿಯಿಂದ ಕಾಲ್ಮಡಿ ಬಂದ್ ಆಗೈತ್ರಿ ಯವ್ವಾ. ಭಾಳ ತ್ರಾಸ ಆಗಾಕತ್ತೈತಿ."

ನನ್ನ ಮಳವಳ್ಳಿಯ ಕಿವಿಗೆ ಬಿದ್ದದ್ದು ಎರಡೇ ಮಾತು, ಕಾಲು ಮತ್ತು ಮಡಿ. ಪಾಪ, ಕಾಲು ಮಡಚಲು ಆಗುತ್ತಿಲ್ಲ ಅಂದುಕೊಂಡೆ.

"ಯಾವ ಕಾಲು?"

"ಯಾವ ಕಾಲಂದ್ರ?"

"ಎಡಗಾಲೋ ಬಲಗಾಲೋ?"

ಅಜ್ಜ ಮಗನ ಮುಖ ನೋಡಿದ. ಮಗ ನನ್ನ ಮುಖ ನೋಡಿದ. "ಕಾಲಿಂದ ಅಲ್ರಿ ಮೇಡಂ..." ಎಂದು ರಾಗ ಎಳೆದು, ಹೆಣ್ಣುಮಗಳ ಎದುರು ಬಿಡಿಸಿ ಹೇಳಲಾರದೆ ಸುಮ್ಮನಾದ. ನನ್ನದೋ ಮೊದಲ ದಿನದ ಹುರುಪು. ಎರಡೂ ಮೊಣಕಾಲು ಎಂದು ಚೀಟಿ ಬರೆದು ಕಳಿಸಿಬಿಟ್ಟೆ.

ಐದೇ ನಿಮಿಷಕ್ಕೆ ಹಿರಿಯ ನರ್ಸ್ ಗಂಗವ್ವ ಅಜ್ಜನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ವಾಪಸು ತಂದರು. ಬಾಗಿಲು ಹಾಕಿ, ದನಿ ತಗ್ಗಿಸಿ ಕೇಳಿದರು: "ಮೇಡಂ, ಈ ಅಜ್ಜನ ಮೊಣಕಾಲ ಫೋಟೋ ಯಾಕ್ರಿ? ಅಂವಗ ಉಚ್ಚಿ ಕಟ್ಟೈತಿ."

ಅಜ್ಜನ ಹೊಟ್ಟೆಯ ಮೇಲೆ ಕೈಯಿಟ್ಟೆ. ಮೂತ್ರಕೋಶ ಹೊಕ್ಕುಳವರೆಗೂ ಉಬ್ಬಿ ತೆಂಗಿನಕಾಯಿಯ ಹಾಗೆ ಗಟ್ಟಿಯಾಗಿತ್ತು. ಮೊದಲೇ ಕೈಯಿಟ್ಟಿದ್ದರೆ ಯಾವ ಭಾಷೆಯೂ ಬೇಕಿರಲಿಲ್ಲ. ಪೈಪು ಹಾಕಿದೆ. ಚೀಲ ತುಂಬತೊಡಗಿದಂತೆ ಅಜ್ಜನ ಮುಖದ ಗಂಟು ಒಂದೊಂದಾಗಿ ಬಿಚ್ಚಿತು. ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹಿಡಿದು, "ಇರ್ಲಿ ಬಿಡವ್ವಾ, ಕಾಲಿಂದ ಶುರು ಮಾಡಿದ್ರೂ ಕಡೀಕ ಸರಿ ಜಾಗಾಕ ಬಂದಿ" ಎಂದ. ಗಂಗವ್ವ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಓಡಿದರು. ಸಂಜೆಯೊಳಗೆ ಆಸ್ಪತ್ರೆಗೆಲ್ಲ ಗೊತ್ತಾಯಿತು.

ನಮ್ಮ ಕಡೆ ನಾವು ಒಂದಕ್ಕೆ ಹೋಗುತ್ತೇವೆ. ಇಲ್ಲಿಯವರು ಕಾಲ್ಮಡಿಯುತ್ತಾರೆ. ಕಾಲು ಮಡಚಿ ಕೂರುವುದರಿಂದ ಬಂದ ಮಾತಿರಬೇಕು. ಎಷ್ಟು ಮರ್ಯಾದೆಯ ಮಾತು ನೋಡಿ, ಕೂತದ್ದನ್ನಷ್ಟೇ ಹೇಳಿ ಉಳಿದದ್ದನ್ನು ಕೇಳುವವರಿಗೆ ಬಿಡುತ್ತದೆ. ಆದರೆ ಕೇಳುವವಳು ಮಳವಳ್ಳಿಯವಳಾದರೆ ಅನಾಹುತ. ಅಂದೇ ಒಂದು ಸಣ್ಣ ಪುಸ್ತಕ ಕೊಂಡು ಮೊದಲ ಪುಟದಲ್ಲಿ ಆ ಪದ ಬರೆದೆ. ಆಮೇಲೆ ಬಂದ ಪದಗಳು ಇನ್ನೂ ಬಹಳ. ಸೊಂಟ ಇಲ್ಲಿ ಟೊಂಕ, ಕಾಯಿಲೆ ಎಂದರೆ ಜಡ್ಡು. 'ಆರಾಮಿಲ್ಲ' ಎಂದರೆ ಬಿಡುವಿಲ್ಲ ಎಂದಲ್ಲ, ಮೈ ಹುಷಾರಿಲ್ಲ ಎಂದು. ಕ್ಯಾನ್ಸರಿಗೆ ಮಾತ್ರ ಯಾರೂ ಹೆಸರಿಡುವುದಿಲ್ಲ. "ಆ ಜಡ್ಡು ಏನರ ಐತೇನ್ರಿ?" ಎಂದು ಕೇಳಿ ನೆಲ ನೋಡುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮ ಕಡೆಯವರಿಗೂ ಇವರಿಗೂ ವ್ಯತ್ಯಾಸವಿಲ್ಲ.

ಅಷ್ಟು ದೂರ ಯಾಕೆ ಹೋದೆ ಎಂದು ಊರ ಕಡೆಯ ಗೆಳೆಯರು, ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಕಿರಿಯ ಸರ್ಜನ್ ಎಂದರೆ ಇನ್ನೊಬ್ಬರು ಕೊಯ್ಯುವಾಗ ಗಾಯದ ಬಾಯಿ ಅಗಲಿಸಿ ಹಿಡಿದು ನಿಲ್ಲುವವಳು. ನನಗೆ ನನ್ನ ಕೈಯಿಂದ ಕೆಲಸ ಮಾಡಬೇಕಿತ್ತು. ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ಊರಲ್ಲಿ ಸಣ್ಣ ಸಣ್ಣ ಆಸ್ಪತ್ರೆ ಇಟ್ಟುಕೊಂಡಿರುವ ಹಿರಿಯ ಸರ್ಜನ್ ಒಬ್ಬರಿಗೆ ಸಹಾಯಕರು ಬೇಕು ಎಂದು ಗೊತ್ತಾಯಿತು. ಬಂದೆ. ಅವರು ಒಂದೂರಲ್ಲಿದ್ದರೆ ನಾನು ಇನ್ನೊಂದೂರಲ್ಲಿ. ಮೂತ್ರ ಕಟ್ಟಿದವರು, ಹರಳಿನ ನೋವಿಗೆ ನೆಲದ ಮೇಲೆ ಹೊರಳುವವರು, ಮೂತ್ರಪಿಂಡದಲ್ಲಿ ಕೀವಾಗಿ ಚಳಿಜ್ವರದಲ್ಲಿ ನಡುಗುವವರು, ಎಲ್ಲರೂ ಮೊದಲು ನನ್ನ ಕೈಗೇ ಬರುತ್ತಿದ್ದರು. ಅಮ್ಮ "ಅಲ್ಲಿ ಕನ್ನಡ ಮಾತಾಡ್ತಾರಾ?" ಎಂದಿದ್ದಳು. ನಾನು ನಕ್ಕಿದ್ದೆ. ಅಪ್ಪ ಮಳವಳ್ಳಿಯಲ್ಲಿ ಟೈಲರ್. ಎರಡು ದಿನ ಅಂಗಡಿಯಲ್ಲಿ ಬೇರೆಯವರ ಬಟ್ಟೆ ಮುಟ್ಟದೆ ನನಗೆ ಮೂರು ಬಿಳಿ ಕೋಟು ಹೊಲಿದುಕೊಟ್ಟ. ಜೇಬು ಮಾತ್ರ ಸಂತೆ ಚೀಲದಷ್ಟು ದೊಡ್ಡದು.

ಬಸ್ಸಿನಿಂದ ಇಳಿದಾಗ ಕಂಡದ್ದು ನಮ್ಮ ಕಡೆಯಂಥ ನಾಲೆ, ಗದ್ದೆಯಲ್ಲ. ಕಣ್ಣು ಹೋದಷ್ಟು ದೂರ ಕರೀ ಮಣ್ಣು, ಅದರ ಮೇಲೆ ಜೋಳ, ಕಡಲೆ. ವಾಸಕ್ಕೆಂದು ಗಜೇಂದ್ರಗಡ ತಲುಪಿದರೆ ಊರ ನೆತ್ತಿಯ ಮೇಲೆ ಕೋಟೆಯ ಗುಡ್ಡ, ಎಲ್ಲಿ ನಿಂತರೂ ಗಾಳಿ. ಒಂಟಿ ಹುಡುಗಿಗೆ ಮನೆ ಕೊಡಲು ಇಬ್ಬರು ಹಿಂದೆಗೆದರು. ಮೂರನೆಯವರು ಮೌಲಾಸಾಬ್. ಕೈಮಗ್ಗದ ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುವವರು. ಮಹಡಿಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಅವರ ಹೆಂಡತಿ ಖಾಜಾಬಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದೇ ಪ್ರಶ್ನೆ ಕೇಳಿದರು.

"ರೊಟ್ಟಿ ಬಡಿಯಾಕ ಬರತೈತೇನ?"

"ಇಲ್ಲ. ಮುದ್ದೆ ಬರುತ್ತೆ."

"ಅಯ್ಯ ಪಾಪ" ಎಂದು ಬೀಗದ ಕೈ ಕೊಟ್ಟರು.

ಅವರನ್ನು ನಾನು ಚಾಚಾ, ಚಾಚಿ ಎಂದು ಕರೆಯತೊಡಗಿದೆ. ಚಾಚಾ ನನಗೆ "ಬೇಟಿ" ಎನ್ನುತ್ತಿದ್ದರು. ಮನೆಯೊಳಗೆ ಉರ್ದು, ನನ್ನ ಜೊತೆ ಕನ್ನಡ. ನನ್ನ ಮಾತು ಕೇಳಿ ಚಾಚಿಗೆ ನಗು: "ಹಾಡ ಹಾಡಿದಂಗ ಮಾತಾಡತೀಯಲ್ಲ!" ಮೊದಮೊದಲು ಸಂಜೆಗಳು ಬಹಳ ಉದ್ದ ಅನ್ನಿಸುತ್ತಿದ್ದವು. ಮೆಟ್ಟಿಲ ಮೇಲೆ ಕೂತು ಪಕ್ಕದ ಬೀದಿಯ ಮಗ್ಗದ ಲಟಪಟ ಕೇಳುತ್ತಿದ್ದೆ. ನಮ್ಮ ಮುದ್ದೆ ಬಸ್ಸಾರಿನ ನೆನಪಾಗಿ ಅಳು ಬರುತ್ತಿತ್ತು. ಅತ್ತದ್ದೂ ಉಂಟು, ಮುಚ್ಚಿಡುವುದೇನಿದೆ. ರೊಟ್ಟಿ ಬಡಿಯಲು ಕೂತರೆ ನನ್ನದು ಭೂಪಟವಾಗುತ್ತಿತ್ತು. ಮೂರನೇ ತಿಂಗಳಿಗೆ ಒಂದು ರೊಟ್ಟಿ ದುಂಡಗೆ ಬಂದು ಹೆಂಚಿನ ಮೇಲೆ ಉಬ್ಬಿತು. ಚಾಚಿ ಅದನ್ನು ಓಣಿಯ ಹೆಂಗಸರಿಗೆಲ್ಲ ತೋರಿಸಿ ಬಂದರು.

ಹಿತ್ತಿಲಲ್ಲಿ ಬಣ್ಣದ ಹಂಡೆಗಳು, ಹಗ್ಗದ ಮೇಲೆ ಒಣಗುವ ನೂಲು. ಚಾಚಾನ ಕೈ ಮೊಣಕೈವರೆಗೂ ಕೆಂಪು. ಎಷ್ಟು ತೊಳೆದರೂ ಹೋಗದ ಕೆಂಪು. ಬಚ್ಚಲು, ಪಾಯಖಾನೆ ಎರಡೂ ಆ ಹಿತ್ತಿಲಲ್ಲೇ ಇದ್ದವು, ನೂಲು ತೊಳೆದ ನೀರು ಹೋಗುವ ಗಟಾರದ ಪಕ್ಕ. ಬೆಳಗ್ಗೆ ನಾನು ಇಳಿದು ಹೋದರೆ ಎಷ್ಟೋ ದಿನ ಪಾಯಖಾನೆಯ ಕಲ್ಲಿನ ಮೇಲೆ ಒಂದಿಷ್ಟು ಕೆಂಪು ನೀರು ನಿಂತಿರುತ್ತಿತ್ತು. ಬಣ್ಣದವರ ಮನೆ, ಇನ್ನೇನು ಎಂದುಕೊಂಡು ಎರಡು ತಂಬಿಗೆ ನೀರು ಸುರಿದು ಸ್ವಚ್ಛ ಮಾಡಿಕೊಳ್ಳುತ್ತಿದ್ದೆ. ನಾಲ್ಕು ತಿಂಗಳು ಹೀಗೇ ಮಾಡಿದೆ.

ಒಂದು ಶುಕ್ರವಾರ ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದಿದ್ದೆ. ಚಾಚಿ ಮೆಟ್ಟಿಲು ಹತ್ತಿ ಬಂದರು, ಏದುಸಿರು ಬಿಡುತ್ತ.

"ಬೇಟಿ, ಲಗೂ ಬಾ. ನಮಾಜದಿಂದ ಬಂದಾಗಿಂದ ಇವರಿಗೆ ಕಾಲ್ಮಡಿ ಬಂದ್ ಆಗೈತಿ."

ಈ ಸಲ ಯಾವ ಕಾಲು ಎಂದು ಕೇಳಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಚಾಚಾ ಹಂಡೆಗೆ ಒರಗಿ ನಿಂತಿದ್ದರು, ಕೆಳಹೊಟ್ಟೆ ಹಿಡಿದುಕೊಂಡು. ಕೈಯಿಟ್ಟು ನೋಡಿದೆ. ಅದೇ ತೆಂಗಿನಕಾಯಿ.

"ಮೊದಲು ಸರಿಯಾಗಿ ಹೋಗುತ್ತಿತ್ತಾ ಚಾಚಾ? ಬಣ್ಣ ಏನಾದರೂ ಬೇರೆ ಇತ್ತಾ?"

"ಬಣ್ಣ ಬಿಡಾಕತ್ತಿ ಭಾಳ ದಿನಾ ಆತಲ್ಲ."

ಬಣ್ಣ ಬಿಡುವುದು ಎಂದರೆ ನೂಲು ತೊಳೆದಾಗ ಹಾಕಿದ ಬಣ್ಣ ನೀರಿಗಿಳಿಯುವುದು, ಅವರ ಕಸುಬಿನ ಮಾತು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ಎಷ್ಟು ದಿನ?"

"ಆರೇಳು ತಿಂಗಳಾತೇನ. ಒಂದಿಷ್ಟ ದಿನಾ ಕೆಂಪ ಹೋಗತೈತಿ, ಆಮ್ಯಾಲ ತಾನ ನಿಲ್ಲತೈತಿ. ನೋವಿಲ್ಲ, ಉರಿಯಿಲ್ಲ. ನಲವತ್ತ ವರ್ಷ ಬಣ್ಣದಾಗ ಕೈ ಅದ್ದಿದ ಮನಷ್ಯಾ ನಾನು. ಮೈಯಾಗ ಹೊಕ್ಕಿದ್ದು ಹೊರಗ ಬರಾಕತ್ತೈತಿ ಅಂತ ತಿಳದಿದ್ದೆ."

ಗಟಾರದ ಪಕ್ಕದ ಆ ಕಲ್ಲು ನನ್ನ ಕಣ್ಣೆದುರಿಗೇ ಇತ್ತು. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಕಥೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋದರೆ ಕ್ಯಾನ್ಸರ್ ಅಲ್ಲ ಎಂದು ಖಾತ್ರಿಯಾಗುವ ತನಕ ಬಿಡಬಾರದು. ಅದು ನಮಗೆ ಕಲಿಸುವ ಮೊದಲ ಪಾಠ. ಕೆಲವು ಬಣ್ಣಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ, ಬೀಡಿ ಸೇದುವವರಿಗೆ ಮೂತ್ರಕೋಶದಲ್ಲಿ ಅದು ಬರುವ ಸಂಭವ ಹೆಚ್ಚು. ಅದೂ ಪುಸ್ತಕದಲ್ಲಿದೆ. ಚಾಚಾ ಎರಡನ್ನೂ ಮಾಡಿದವರು. ನಾನು ಆ ರಕ್ತದ ಮೇಲೆ ತಂಬಿಗೆಗಟ್ಟಲೆ ನೀರು ಸುರಿದು ಆಸ್ಪತ್ರೆಗೆ ಹೋಗಿ ಊರವರ ಮೂತ್ರ ಪರೀಕ್ಷೆ ಮಾಡುತ್ತಿದ್ದೆ. ಆದರೆ ನಾಚಿಕೆಪಡಲು ಆಗ ಹೊತ್ತಿರಲಿಲ್ಲ.

ಆಟೋದಲ್ಲಿ ನಮ್ಮ ಗಜೇಂದ್ರಗಡದ ಆಸ್ಪತ್ರೆಗೆ ಕರೆದೊಯ್ದೆ. ದೊಡ್ಡ ಡಾಕ್ಟರ್ ಆ ದಿನ ನರಗುಂದದಲ್ಲಿ. ಫೋನಿನಲ್ಲಿ ಹೇಳಿದರು: "ರಕ್ತ ಹೆಪ್ಪಗಟ್ಟಿ ದಾರಿ ಮುಚ್ಚೈತಿ. ದಪ್ಪನ್ನ ಪೈಪ್ ಹಾಕಿ ತೊಳೀರಿ. ತಿಳಿ ನೀರ ಬರೂತನಾ ಬಿಡಬ್ಯಾಡ್ರಿ." ಆ ದಿನ ಗಂಗವ್ವನ ಪಾಳಿ ಅಲ್ಲಿತ್ತು, ನನ್ನ ಪುಣ್ಯ. ದಪ್ಪ ಪೈಪು ಇಳಿಸಿ, ದೊಡ್ಡ ಸಿರಿಂಜಿನಿಂದ ಉಪ್ಪುನೀರು ಒಳಗೆ ಬಿಡುವುದು, ಮೆಲ್ಲಗೆ ಎಳೆಯುವುದು. ಕಪ್ಪು ಹೆಪ್ಪುಗಳು ಒಂದೊಂದಾಗಿ ಬಂದವು. ನನ್ನ ಹೆಬ್ಬೆರಳು ಜೋಮು ಹಿಡಿಯಿತು. ನೋವು ಇಳಿದ ಮೇಲೆ ಚಾಚಾ ತಲೆಯೆತ್ತಿ ಬೋಗುಣಿಯನ್ನೇ ನೋಡತೊಡಗಿದರು. ಭಯದಿಂದಲ್ಲ, ಕಸುಬುದಾರನ ಕಣ್ಣಿನಿಂದ.

"ಇನ್ನೂ ಎರಡ ನೀರ ಆಗಬೇಕ" ಎಂದರು.

ಸುರಿದೆ, ಎಳೆದೆ. ಗುಲಾಬಿ ಬಣ್ಣ ಬಂತು.

"ಇನ್ನೊಂದ ನೀರು."

ಮತ್ತೆ ಸುರಿದೆ.

"ಹಾಂ, ಈಗ ತಿಳಿ ಆತು. ಕೈ ಚಲೋ ಐತಿ ಬೇಟಿ ನಿಂದು. ನನ್ನ ಕಡೆ ಕೆಲಸಕ್ಕ ಬಾ."

ಗಂಗವ್ವ ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರಿತ್ತು.

ಮರುದಿನ ಸ್ಕ್ಯಾನ್ ಮಾಡಿದರೆ ಮೂತ್ರಕೋಶದ ಗೋಡೆಗೆ ಅಂಟಿಕೊಂಡು ಶೇಂಗಾ ಕಾಳಿನಷ್ಟು ದೊಡ್ಡ ಗಂಟು. ಒಳಗೆ ದುರ್ಬೀನು ಹಾಕಿ ನೋಡಿ, ಕೆರೆದು ತೆಗೆದು, ಪರೀಕ್ಷೆಗೆ ಕಳಿಸಬೇಕು. ಅದಕ್ಕೆ ಹುಬ್ಬಳ್ಳಿಗೆ ಹೋಗಬೇಕು. ಅಷ್ಟರಲ್ಲಿ ರಕ್ತ ತಾನಾಗಿ ನಿಂತುಹೋಗಿತ್ತು. ಈ ಕಾಯಿಲೆಯ ಮೋಸವೇ ಅದು. ಒಂದಿಷ್ಟು ದಿನ ರಕ್ತ ತೋರಿಸುತ್ತದೆ, ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲದ ಹಾಗೆ ಸುಮ್ಮನಿರುತ್ತದೆ. ಪೈಪು ತೆಗೆದು ಮನೆಗೆ ಬಂದ ಚಾಚಾ ಖಂಡತುಂಡವಾಗಿ ಹೇಳಿದರು: "ಹುಬ್ಬಳ್ಳಿ ಗಿಬ್ಬಳ್ಳಿ ಏನೂ ಬ್ಯಾಡ. ಉಷ್ಣ ಆಗಿತ್ತು, ಹೋತು. ಜೀರಗಿ ನೀರ ಕುಡೀತೇನಿ."

ಮೂರು ದಿನ ಹೇಳಿದೆ. ಬುದ್ಧಿಮಾತಿನಲ್ಲಿ ಹೇಳಿದೆ, ಸಿಟ್ಟಿನಲ್ಲಿ ಹೇಳಿದೆ. ನನ್ನ ಸಿಟ್ಟು ನಿಮಗೆ ಗೊತ್ತಲ್ಲ. ಅವರು ನೂಲು ಹಿಂಡುತ್ತಲೇ ಇದ್ದರು. ನಾಲ್ಕನೇ ದಿನ ಹಿತ್ತಿಲಲ್ಲಿ ಅವರ ಎದುರು ಕುಕ್ಕುರುಗಾಲಲ್ಲಿ ಕೂತೆ.

"ಚಾಚಾ, ಒಂದು ಸಲ ತೊಳೆದಾಗ ಬಣ್ಣ ಬಿಡಲಿಲ್ಲ ಅಂದರೆ ಆ ನೂಲು ಪಕ್ಕಾ ಅಂತ ನೀವು ನೇಕಾರರಿಗೆ ಕೊಟ್ಟುಬಿಡ್ತೀರಾ?"

"ಹ್ಯಾಂಗ ಕೊಡಲಿ? ಮೂರ ಸರ್ತಿ ತೊಳೀಬೇಕು. ಬಿಸಲಾಗ ಒಣಗಿಸಿ ಎಳಿ ಬಿಡಿಸಿ ನೋಡಬೇಕು. ಸೀರಿ ಉಟ್ಟಾಕಿ ಬೈತಾಳ."

"ಮತ್ತೆ ನಿಮ್ಮ ಬಣ್ಣ ಒಂದು ಸಲ ನಿಂತರೆ ಪಕ್ಕಾ ಅಂತ ಹೇಗೆ ನಂಬ್ತೀರಿ? ಒಳಗೆ ಬಿಡಿಸಿ ನೋಡಬೇಕೋ ಬೇಡವೋ?"

ಅವರ ಕೈ ನಿಂತಿತು. ನೆಲ ನೋಡುತ್ತ ಮೆಲ್ಲಗೆ ಕೇಳಿದರು: "ಆ ಜಡ್ಡು ಐತೇನ ಬೇಟಿ?"

"ಇರಬಹುದು. ನೋಡದೆ ಹೇಳಲಾರೆ. ಇದ್ದರೂ ಈಗಲೇ ಹೋದರೆ ಹಿಡಿಯಬಹುದು." ಆಮೇಲೆ, ಹೇಳಬಾರದು ಅಂದುಕೊಂಡಿದ್ದದ್ದೂ ಬಾಯಿಂದ ಬಂತು. "ನಾಲ್ಕು ತಿಂಗಳಲ್ಲಿ ಎಷ್ಟೋ ಸಲ ಬೆಳಗ್ಗೆ ಆ ಕೆಂಪು ನೋಡಿದೆ ಚಾಚಾ. ನೂಲಿನದು ಅಂದುಕೊಂಡು ನೀರು ಸುರಿದೆ. ಡಾಕ್ಟರಾಗಿ ನಾನು ಹಾಗೆ ಮಾಡಬಾರದಿತ್ತು. ನೀವು ಹುಬ್ಬಳ್ಳಿಗೆ ಬರದಿದ್ದರೆ ಈ ಮನೆಯಲ್ಲಿ ಇರೋದಕ್ಕೆ ನನಗೆ ಆಗಲ್ಲ."

"ಹುಚ್ಚಿ" ಎಂದರು ಚಾಚಾ. "ನಲವತ್ತ ವರ್ಷ ಬಣ್ಣ ನೋಡಿದಂವಗ ರಕ್ತ ಯಾವ್ದು, ಬಣ್ಣ ಯಾವ್ದು ಗೊತ್ತಾಗಲಿಲ್ಲ. ನಿನಗ ಹ್ಯಾಂಗ ಗೊತ್ತಾಗಬೇಕು?"

ಒಳಗಿನಿಂದ ಚಾಚಿಯ ದನಿ ಬಂತು: "ಮಾತು ಸಾಕು. ಚೀಲ ತುಂಬೇನಿ, ಮುಂಜಾನಿ ಮೊದಲ ಬಸ್ಸಿಗೆ ಹೋಗೂದು."

ಹುಬ್ಬಳ್ಳಿಯಲ್ಲಿ ನಾನು ಮೊದಲ ಬಾರಿಗೆ ಆಪರೇಷನ್ ಕೋಣೆಯ ಹೊರಗೆ ಕೂತೆ. ಚಾಚಿ ತಸಬಿಯ ಮಣಿ ಎಣಿಸುತ್ತಿದ್ದರು, ನಾನು ಅವರ ಸೆರಗಿನ ತುದಿ ಹಿಡಿದುಕೊಂಡಿದ್ದೆ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಹೀಗೇ ಜನ ನನ್ನ ಎದುರು ಎದ್ದು ನಿಂತಾಗ 'ಕೂತ್ಕೊಳ್ಳಿ, ಹೇಳ್ತೀವಿ' ಎಂದು ದಾಟಿಹೋದದ್ದು ಎಷ್ಟು ಸಲವೋ. ಈಗ ನಾನು ದಾಟಿಹೋಗದೆ ನಿಂತು ಮಾತಾಡುತ್ತೇನೆ.

ಪರೀಕ್ಷೆಯ ವರದಿ ಬಂತು. ಅದು ಆ ಜಡ್ಡೇ. ಆದರೆ ಮೂತ್ರಕೋಶದ ಒಳಪದರದಲ್ಲೇ ನಿಂತಿತ್ತು, ಗೋಡೆಯ ಮಾಂಸಕ್ಕೆ ಇಳಿದಿರಲಿಲ್ಲ. ಮೂತ್ರಕೋಶಕ್ಕೆ ಕೆಲವು ವಾರ ಔಷಧಿ ಬಿಡಬೇಕು, ಮೂರು ಮೂರು ತಿಂಗಳಿಗೆ ದುರ್ಬೀನು ಹಾಕಿ ನೋಡುತ್ತಿರಬೇಕು. ಚಾಚಾ ಎಲ್ಲ ಕೇಳಿಸಿಕೊಂಡು, "ಅಂದ್ರ ಎಳಿ ಮ್ಯಾಲ ಹತ್ತೈತಿ, ಒಳಗ ಹೊಕ್ಕಿಲ್ಲ" ಎಂದರು. ನಾನು ಇಷ್ಟು ಚೆನ್ನಾಗಿ ಯಾವ ರೋಗಿಗೂ ಬಿಡಿಸಿ ಹೇಳಿರಲಿಲ್ಲ.

ಇದಾಗಿ ಒಂದು ವರ್ಷದ ಮೇಲಾಯಿತು. ಪ್ರತಿ ಸಲವೂ ದುರ್ಬೀನಿಗೆ ಒಳಗೆ ಸ್ವಚ್ಛವಾಗಿಯೇ ಕಂಡಿದೆ. ಚಾಚಾ ಮೊಣಕೈವರೆಗೆ ರಬ್ಬರಿನ ಕೈಗವಸು ಹಾಕಿಕೊಂಡು, ಅದನ್ನು ಬೈಯುತ್ತ ಕೆಲಸ ಮಾಡುತ್ತಾರೆ. ಬೀಡಿ ಬಿಟ್ಟಿದ್ದಾರೆ, ಅಥವಾ ನನಗೆ ಕಾಣದ ಹಾಗೆ ಸೇದುತ್ತಾರೆ. ಚಾಚಿ ಪಾಯಖಾನೆಗೆ ಬಿಳಿ ಕಲ್ಲು ಹಾಕಿಸಿದರು, ಕೆಂಪು ಬಿದ್ದರೆ ಅಡಗಬಾರದು ಎಂದು. ಅದನ್ನು ನೋಡಲು ಬಂದ ನೇಕಾರರ ಓಣಿಯ ಹೆಂಗಸರು ತಮ್ಮ ಗಂಡಂದಿರನ್ನು ನನ್ನ ಹತ್ತಿರ ಎಳೆದು ತರುತ್ತಾರೆ. ನರೇಗಲ್ ಸಂತೆಗೆ ಹೋದವರೂ ಹಾಗೇ ಬಸ್ಸು ಹಿಡಿದು ಬಂದು, "ಬಣ್ಣ ತೋರಸಾಕ ಬಂದೇವ್ರಿ" ಎನ್ನುತ್ತಾರೆ. ಬಹಳ ಮಂದಿಗೆ ಏನೂ ಇರುವುದಿಲ್ಲ. ಏನೂ ಇಲ್ಲ ಎಂದು ಹೇಳಿ ಕಳಿಸುವುದು ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟ.

ಕಳೆದ ತಿಂಗಳು ಅಪ್ಪನ ಫೋನು ಬಂತು. ಅದೂ ಇದೂ ಮಾತಾಡಿ ಕೊನೆಗೆ, "ಯಾಕೋ ಮಿಷನ್ ತುಳ್ದು ತುಳ್ದು ಕಾಲ್ ಮಡಿಯಕ್ಕಾಯ್ತಿಲ್ಲ ಕಣವ್ವ" ಎಂದ.

ನಾನು ದಡಕ್ಕನೆ ಎದ್ದು ನಿಂತು, "ಯಾವಾಗಿಂದ ಬಂದ್ ಆಗೈತಿ? ಕೆಂಪ ಹೋಗಿತ್ತೇನು? ಹೊಟ್ಟಿ ಉಬ್ಬೈತೇನು?" ಎಂದು ಕೂಗಿದೆ.

ಆ ಕಡೆಯಿಂದ ಅಪ್ಪ ಕೇಳಿದ: "ಮಂಡಿ ನೋಯ್ತದೆ ಅಂದ್ರೆ ಹೊಟ್ಟೆ ಯಾಕವ್ವ ಉಬ್ತದೆ?"

ನಗು ತಡೆಯಲಾಗದೆ ಮೊದಲ ದಿನದ ಕಥೆ ಹೇಳಿದೆ. ಇಷ್ಟು ದಿನ ಮನೆಯಲ್ಲಿ ಅದನ್ನು ಹೇಳಿರಲಿಲ್ಲ. ಅಪ್ಪನೂ ಬಿದ್ದು ಬಿದ್ದು ನಕ್ಕ. ನಗು ನಿಂತ ಮೇಲೆ ದನಿ ತಗ್ಗಿಸಿ, "ಅದೂ ಒಂದೈತೆ ಕಣವ್ವ" ಎಂದ. "ಒಂದ್ ವರ್ಸಾಯ್ತು. ಸಲೀಸಾಗಿ ಓಯ್ತಿಲ್ಲ. ಗಳಿಗ್ಗೊಂದ್ ಸಲ ಎದ್ದೋಗ್ಬೇಕು. ಮಗಳ್ ತಾವ ಇದ್ನ ಎಂಗೇಳದು ಅಂತ ಸುಮ್ಕಿದ್ದೆ."

ಊರಿಗೆ ಉಪಕಾರಿ, ಮನೆಗೆ ಮಾರಿ. ದಿನಾ ಅಪರಿಚಿತ ಗಂಡಸರನ್ನು ಇದೇ ಪ್ರಶ್ನೆ ಕೇಳುವವಳು ಅಪ್ಪನನ್ನು ಕೇಳಿರಲಿಲ್ಲ. ರಕ್ತ ಹೋಗಿಲ್ಲ ಎಂದ. ಎರಡೆರಡು ಸಲ ಕೇಳಿದೆ. ಮರುದಿನವೇ ಹೊರಟೆ. ಬಸ್ ಸ್ಟ್ಯಾಂಡಿನವರೆಗೆ ಬಂದ ಚಾಚಾ, "ಅಪ್ಪಗ ಹೇಳು, ಒಂದ ಸರ್ತಿ ತೊಳದ ಬಿಡಬ್ಯಾಡ ಅಂತ. ಲಗೂ ಬಾ ಊರಿಗೆ" ಎಂದರು. ಊರಿಗೇ ಹೊರಟವಳಿಗೆ ಊರಿಗೆ ಬಾ ಎಂದರು. ನಾನು 'ಹೂಂ' ಎಂದೆ.

ಅಪ್ಪನದು ಪ್ರಾಸ್ಟೇಟ್ ಗ್ರಂಥಿ ಊದಿಕೊಂಡದ್ದು, ಕ್ಯಾನ್ಸರಿನ ಸುಳಿವಿಲ್ಲ, ಸದ್ಯಕ್ಕೆ ಗುಳಿಗೆ ಸಾಕು ಎಂದು ಆಮೇಲೆ ತಿಳಿಯಿತು. ನಾನು ಹೇಳಹೊರಟದ್ದು ಅದಕ್ಕಿಂತ ಸ್ವಲ್ಪ ಮುಂಚೆ ನಡೆದದ್ದು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಚೀಟಿ ಮಾಡಿಸುವ ಕಿಟಕಿ. ನನ್ನ ಹಿಂದೆ ದೊಡ್ಡ ಸಾಲು. ಅಪ್ಪ ತಲೆ ತಗ್ಗಿಸಿ ನಿಂತಿದ್ದ.

"ಏನ್ ತೊಂದ್ರೆ?" ಎಂದಳು ಕಿಟಕಿಯ ಹುಡುಗಿ.

"ಕಾಲ್ಮಡಿ ತ್ರಾಸ ಐತ್ರಿ" ಎಂದೆ. ಹಾಗೆಂದದ್ದು ನನ್ನ ಗಮನಕ್ಕೇ ಬರಲಿಲ್ಲ.

ಅವಳು ತಲೆಯೆತ್ತದೆ ಬರೆದುಕೊಂಡಳು. "ಮಂಡಿನೋವಾ? ಮೂಳೆ ಡಾಕ್ಟ್ರು ಎರಡನೇ ಮಹಡಿ. ನೆಕ್ಸ್ಟ್."

ನಾನು ಹುಟ್ಟಿದ ಸೀಮೆಯ ಮಾತು ಯಾವುದು, ಇಲ್ಲಿ ಅದಕ್ಕೆ ಏನನ್ನುತ್ತಾರೆ, ಯಾವುದೂ ನಾಲಿಗೆಗೆ ಬರಲಿಲ್ಲ. ಆಗ ಅಪ್ಪ, ಮಗಳಿಗೂ ಹೇಳಲಾರದೆ ಒಂದು ವರ್ಷ ನುಂಗಿಕೊಂಡಿದ್ದ ನನ್ನಪ್ಪ, ನನ್ನನ್ನು ಪಕ್ಕಕ್ಕೆ ಸರಿಸಿ ಕಿಟಕಿಗೆ ಮುಖವಿಟ್ಟ. ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದ:

"ಮಂಡಿ ಅಲ್ಲ ಕಣವ್ವ, ಉಚ್ಚೆ! ನಂಗೆ ಉಚ್ಚೆ ಸರಿಯಾಗಿ ಓಯ್ತಿಲ್ಲ. ಇವ್ಳು ನನ್ ಮಗ್ಳು, ಗಜೇಂದ್ರಗಡ್ದೋಳು. ಇವ್ಳ್ ಮಾತು ನಿಮ್ಗೆ ತಿಳಿಯಾಕಿಲ್ಲ."